ಗೋಡೆಗೆ ಲೆಕ್ಕ ಹೇಳುವ ಶಾಹಿದಾ ಟೀಚರ್

ನಸುಕಿನ ನಮಾಜಿನ, ಸುಬಹಿಯ ಬಾಂಗ್ ಮುಗಿದ ಮೇಲೆ, ಮಂಗಳೂರಿನ ಮೊದಲ ಬಸ್ಸು ಹಾರ್ನ್ ಹಾಕುವುದಕ್ಕೆ ಮುಂಚೆ, ಫರಂಗಿಪೇಟೆಯ ಪಾಲಿಗೆ ಒಂದು ಸಣ್ಣ ನಿಶ್ಶಬ್ದ ಉಂಟು. ಹೆದ್ದಾರಿಯ ಪಕ್ಕದ ಊರಿಗೆ ಅಷ್ಟು ಸಿಕ್ಕಿದ್ದೇ ಹೆಚ್ಚು. ಆ ಸಂದಿಯಲ್ಲಿ ಶಾಹಿದಾ ಟೀಚರ್ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಕಿಟಕಿಗೆ ಕಂಬಳಿ ಇಳಿಬಿಡುತ್ತಾರೆ. ಫ್ಯಾನ್ ನಿಲ್ಲಿಸುತ್ತಾರೆ, ಅದರ ಸದ್ದು ಮೈಕಿಗೆ ಹೋದರೆ ಹೆಲಿಕಾಪ್ಟರ್ ಇಳಿದ ಹಾಗೆ ಕೇಳುತ್ತದಂತೆ. ತಲೆವಸ್ತ್ರದ ಮೇಲೆ ಹೆಡ್‌ಫೋನ್ ಏರಿಸಿ, ಕಂಪ್ಯೂಟರಿನ ಆಚೆಗಿರುವ ನೀಲಿ ಸುಣ್ಣದ ಗೋಡೆಯನ್ನು ನೋಡಿ, "ಮಕ್ಕಳೇ, ಇವತ್ತು ವರ್ಗ ಸಮೀಕರಣ" ಎನ್ನುತ್ತಾರೆ.

ಗೋಡೆ ಏನೂ ಹೇಳುವುದಿಲ್ಲ. ಟೀಚರ್ ಮುಂದುವರಿಸುತ್ತಾರೆ.

ಮಕ್ಕಳು ಎಂದರೆ ಮಕ್ಕಳಲ್ಲ. ಮೀಸೆ ಬಂದವರು, ಕೆಲವರ ಮೀಸೆ ನರೆತೂ ಆಗಿದೆ. ಬಂಟ್ವಾಳ, ಬೆಳ್ತಂಗಡಿ ಕಡೆಯಿಂದ ತೊಂಬತ್ತರ ದಶಕದಲ್ಲಿ ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಬಿದ್ದು, ಎದ್ದು ಮತ್ತೆ ಕೂರುವ ಬದಲು ಗಲ್ಫಿನ ವಿಮಾನ ಹತ್ತಿದವರು. ಅಲ್ಲಿ ಹತ್ತು-ಹದಿನೈದು ವರ್ಷ ದುಡಿದ ಮೇಲೆ ಕಂಪೆನಿಯ ಯಾವುದೋ ಹೊಸ ಮ್ಯಾನೇಜರ್ "ಸರ್ಟಿಫಿಕೇಟ್ ಎಲ್ಲಿ?" ಎಂದು ಕೇಳಿದ್ದಾನೆ. ಹಾಗಾಗಿ ಮೂಡುಬಿದಿರೆಯ ಒಂದು ಟ್ಯುಟೋರಿಯಲ್ ಕಳೆದ ವರ್ಷ, ಅಂದರೆ ೨೦೦೮ರ ಆಗಸ್ಟಿನಲ್ಲಿ, ಇಂಥವರಿಗಾಗಿ ಇಂಟರ್‌ನೆಟ್ಟಿನಲ್ಲೇ ಗಣಿತದ ಕೋರ್ಸು ಶುರು ಮಾಡಿತು. ಕೇಳಿದವರು ನಕ್ಕರು. ಟ್ಯುಟೋರಿಯಲ್ ನಡೆಸುವ ಲೋಕನಾಥ ಮಾಸ್ತರು ಮಾತ್ರ ನಗಲಿಲ್ಲ. ಅವರಿಗೊಬ್ಬರು ಟೀಚರ್ ಬೇಕಿತ್ತು. ಶಾಹಿದಾ ಟೀಚರಿಗೊಂದು ಕ್ಲಾಸು ಬೇಕಿತ್ತು.

ಹದಿನಾಲ್ಕು ವರ್ಷ ಅವರ ಬಳಿ ಕ್ಲಾಸು ಇತ್ತು. ಬಿ.ಎಡ್. ಮುಗಿಸಿ ೧೯೯೩ರಲ್ಲಿ ಊರ ಹತ್ತಿರದ ಕನ್ನಡ ಮಾಧ್ಯಮ ಶಾಲೆಗೆ ಸೇರಿದಾಗ ಬೆಂಚು ಸಾಲದೆ ಮಕ್ಕಳು ಕಿಟಕಿಯ ದಂಡೆಯಲ್ಲೂ ಕೂರುತ್ತಿದ್ದರು. ಆಮೇಲೆ ಊರಿಗೆ ಹಳದಿ ವ್ಯಾನುಗಳು ಬರತೊಡಗಿದವು. ಟೈ ಕಟ್ಟಿದ ಮಕ್ಕಳನ್ನು ಮನೆ ಬಾಗಿಲಿಂದಲೇ ಇಂಗ್ಲಿಷ್ ಮೀಡಿಯಮ್ಮಿಗೆ ಸಾಗಿಸಿದವು. ಕಿಟಕಿಯ ದಂಡೆ ಖಾಲಿಯಾಯಿತು, ಹಿಂದಿನ ಬೆಂಚು ಖಾಲಿಯಾಯಿತು, ೨೦೦೭ರಲ್ಲಿ ಶಾಲೆಯೇ ಖಾಲಿಯಾಯಿತು. ಮದುವೆಯ ಮಾತುಗಳೂ ಹೀಗೇ ಒಂದೊಂದಾಗಿ ಬಂದು ಹೋಗಿವೆ. ಆ ಬಗ್ಗೆ ಕೇಳಿದರೆ ಟೀಚರ್, "ಅದು ಸಿಲೆಬಸ್ಸಿನಲ್ಲಿ ಇಲ್ಲ" ಎಂದು ಮುಗಿಸುತ್ತಾರೆ. ಮನೆಯಲ್ಲಿ ಈಗ ಅವರು, ತಾಯಿ ಜೈನಬಮ್ಮ, ಮತ್ತು ಕಂಪ್ಯೂಟರ್.

ಕಂಪ್ಯೂಟರಿನಲ್ಲಿ ಕಲಿಸುವುದನ್ನು ಟೀಚರಿಗೆ ಕಲಿಸಿದವನು ಟ್ಯುಟೋರಿಯಲ್ಲಿನ ಶೋಧನ್. ಬಸದಿಯ ಬೀದಿಯ ಈ ಹುಡುಗನಿಗೆ ಯಂತ್ರದ ಮೇಲಿರುವ ಪ್ರೀತಿ ಲೆಕ್ಕದ ಮೇಲಿಲ್ಲ. ಕ್ರಮ ಹೀಗೆ: ಟೀಚರ್ ಬಿಳಿ ಹಲಗೆಯ ಮೇಲೆ ಲೆಕ್ಕ ಬರೆದು ಫೋಟೋ ತೆಗೆಯಬೇಕು, ವಿವರಣೆಯನ್ನು ರೆಕಾರ್ಡ್ ಮಾಡಬೇಕು, ಎರಡನ್ನೂ ಮೂಡುಬಿದಿರೆಗೆ ಕಳಿಸಬೇಕು. ಶೋಧನ್ ಅವನ್ನು ಜೋಡಿಸಿ ಸೈಟಿಗೆ ಹಾಕುತ್ತಾನೆ. ಬ್ರಾಡ್‌ಬ್ಯಾಂಡ್ ಬೆಳಿಗ್ಗೆ ಎಂಟರವರೆಗೆ ಬಿಟ್ಟಿ. ಹಾಗಾಗಿ ಪಾಠವೂ ಎಂಟರೊಳಗೆ ಮುಗಿಯಬೇಕು, ಕಳಿಸುವುದೂ ಎಂಟರೊಳಗೆ.

ಮೊದಲ ಪಾಠ ಕಳಿಸಿದ ದಿನ ಶೋಧನ್ ಫೋನ್ ಮಾಡಿದ. "ಟೀಚರ್, ಪಾಠ ಒಳ್ಳೆದುಂಟು. ಆದ್ರೆ ನಡುವೆ ನಡುವೆ ಕರೆಂಟ್ ಹೋದ ಹಾಗೆ ಆಗ್ತದಲ್ಲ?"

ಕರೆಂಟ್ ಹೋದದ್ದಲ್ಲ. ಟೀಚರ್ ಪ್ರಶ್ನೆ ಕೇಳಿ ಉತ್ತರಕ್ಕೆ ಕಾದದ್ದು. ಒಂದು ಕಡೆ, "ಹಿಂದಿನ ಬೆಂಚು, ಏನು ಮಾತು ಅಲ್ಲಿ?" ಎಂದು ಗದರಿದ್ದೂ ದಾಖಲಾಗಿತ್ತು.

"ಅಭ್ಯಾಸ ಮಾರಾಯ," ಎಂದರು ಟೀಚರ್.

"ತೊಂದರೆ ಇಲ್ಲ. ನಾನು ಕತ್ತರಿಸ್ತೇನೆ," ಎಂದ ಶೋಧನ್.

ಮನೆಯೊಳಗಿನ ಸಮಸ್ಯೆಯನ್ನು ಕತ್ತರಿಸುವುದು ಅಷ್ಟು ಸುಲಭವಿರಲಿಲ್ಲ. ಮಗಳು ಬೆಳ್ಳಂಬೆಳಗ್ಗೆ ಬಾಗಿಲು ಹಾಕಿಕೊಂಡು ಒಬ್ಬಳೇ ಮಾತಾಡುವುದನ್ನು ಜೈನಬಮ್ಮ ಒಂದು ವಾರ ಸಹಿಸಿದರು. ಎರಡನೇ ವಾರ ಪಕ್ಕದ ಮನೆಯ ಮೈಮೂನಮ್ಮನ ಕಿವಿಗೆ ಹಾಕಿದರು. ಮೈಮೂನಮ್ಮ ತಡಮಾಡದೆ, "ಶಾಲೆ ಹೋದ ಬೇಸರ ತಲೆಗೆ ಏರಿದೆ. ಮಸೀದಿಯ ಉಸ್ತಾದರ ಹತ್ತಿರ ಒಂದು ನೂಲು ಮಂತ್ರಿಸಿ ತರುವ" ಎಂದರು. ನೂಲು ಬಂತು. ಟೀಚರ್ ಅದನ್ನು ಮೌಸಿನ ವಯರಿಗೆ ಕಟ್ಟಿದ್ದಾರೆ.

"ಉಮ್ಮನಿಗೆ ಹೇಗೆ ಹೇಳುವುದು? ಅವರು ಹೇಳುವುದರಲ್ಲಿ ಅರ್ಧ ಸತ್ಯವೇ," ಎನ್ನುತ್ತಾರೆ ಟೀಚರ್. "ಆಚೆ ಕಡೆ ಯಾರಾದ್ರೂ ಇದ್ದಾರಾ ಅಂತ ನನಗೂ ಗೊತ್ತಿರ್ಲಿಲ್ಲ."

ಹೆಸರು ಕೊಟ್ಟವರು ಏಳು ಮಂದಿ. ಯಾವ ಪಾಠವನ್ನು ಎಷ್ಟು ಸಲ ತೆರೆದಿದ್ದಾರೆ ಎಂದು ಸೈಟ್ ತೋರಿಸುತ್ತದೆ. ಮೊದಲ ಪಾಠದ ಅಂಕಿ ಬಹಳ ಹುಮ್ಮಸ್ಸಿನಿಂದ ಏರಿತ್ತು. ಅದರಲ್ಲಿ ಅರ್ಧ ತನ್ನದು, ಸರಿ ಬಂದಿದೆಯೇ ನೋಡಿದ್ದು ಎಂದು ಶೋಧನ್ ತಿಳಿಸಿದ. ಉಳಿದ ಅರ್ಧ ತನ್ನದೇ ಎಂದು ಟೀಚರಿಗೆ ಗೊತ್ತಿತ್ತು. ಸಂಶಯ ಇದ್ದರೆ ಬರೆದು ಕಳಿಸಿ ಎಂದು ಪ್ರತಿ ಪಾಠದ ಕೊನೆಗೂ ಹೇಳುತ್ತಿದ್ದರು. ಸೆಪ್ಟೆಂಬರ್ ಕಳೆಯಿತು, ಯಾರಿಗೂ ಯಾವ ಸಂಶಯವೂ ಬರಲಿಲ್ಲ. ಗಣಿತದಲ್ಲಿ ಬಿದ್ದು ಊರು ಬಿಟ್ಟವರಿಗೆ ಸಂಶಯವೇ ಬರುವುದಿಲ್ಲ ಎಂದರೆ ಟೀಚರ್ ಆದವರು ನಂಬುವುದು ಕಷ್ಟ.

ಶಾಲೆಯಲ್ಲಿ ಅವರಿಗೊಂದು ಉಪಾಯವಿತ್ತು. ಕ್ಲಾಸು ತೂಕಡಿಸುತ್ತಿದೆ ಅನಿಸಿದಾಗ ಹಲಗೆಯ ಮೇಲೆ ಬೇಕೆಂದೇ ಒಂದು ತಪ್ಪು ಬರೆಯುವುದು. ಬರೆದು, ಏನೂ ಆಗದವರ ಹಾಗೆ ಕೈಯ ಸೀಮೆಸುಣ್ಣ ಒರೆಸಿಕೊಳ್ಳುವುದು. ಅಷ್ಟರಲ್ಲಿ, "ಟೀಚರ್, ತಪ್ಪು! ಟೀಚರ್, ತಪ್ಪು!" ಎಂದು ಇಡೀ ಕ್ಲಾಸು ಎದ್ದು ನಿಲ್ಲುತ್ತಿತ್ತು. ಟೀಚರನ್ನು ಹಿಡಿದುಹಾಕಿದ ಖುಷಿಯಲ್ಲಿ ಕಲಿತ ಲೆಕ್ಕವನ್ನು ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ ಎಂದು ಅವರ ಅನುಭವ.

ಅದೇ ಗಾಳವನ್ನು ಅವರು ನಾಲ್ಕನೇ ಪಾಠದಲ್ಲಿ ಹಾಕಿದರು. ಮೈನಸ್ ಮೂರನ್ನು ಮೈನಸ್ ನಾಲ್ಕರಿಂದ ಗುಣಿಸಿ ಮೈನಸ್ ಹನ್ನೆರಡು ಎಂದು ಬರೆದು ಓದಿದರು. ಸುಮ್ಮನಾದರು. ಗೋಡೆಯೂ ಸುಮ್ಮನಿತ್ತು. ಬಹಳ ಹೊತ್ತು ಕಾದು, "ಯಾರೂ ಹೇಳುವುದಿಲ್ಲವಾ? ಮೈನಸ್ಸಿಗೆ ಮೈನಸ್ ಗುಣಿಸಿದರೆ ಪ್ಲಸ್ ಅಲ್ವಾ?" ಎಂದು ತಾವೇ ತಿದ್ದಿ ಮುಗಿಸಿದರು. ಮೂಡುಬಿದಿರೆಯಲ್ಲಿ ಶೋಧನ್ ಆ ದೀರ್ಘ ಮೌನದವರೆಗೆ ಬಂದ. ಪಾಠ ಮುಗಿಯಿತು, ಟೀಚರ್ ಆಫ್ ಮಾಡಲು ಮರೆತಿದ್ದಾರೆ ಎಂದುಕೊಂಡ. ಅಲ್ಲಿಗೇ ಕತ್ತರಿಸಿದ. ತಪ್ಪು ಅರಬ್ಬೀ ಸಮುದ್ರ ದಾಟಿತು, ತಿದ್ದುಪಡಿ ಮೂಡುಬಿದಿರೆಯಲ್ಲೇ ಉಳಿಯಿತು.

ಇದು ಬೆಳಕಿಗೆ ಬಂದದ್ದು ಒಂದು ಶುಕ್ರವಾರ. ಒಬ್ಬರದಾದರೂ ದನಿ ಕೇಳದಿದ್ದರೆ ತನ್ನಿಂದ ಆಗುವುದಿಲ್ಲ ಎಂದು ಟೀಚರ್ ಪಟ್ಟು ಹಿಡಿದಿದ್ದರು. ಗಲ್ಫಿಗೆ ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ವಾಯ್ಸ್ ಚಾಟಿನಲ್ಲಿ ನೇರ ಕ್ಲಾಸು ಎಂದು ಲೋಕನಾಥ ಮಾಸ್ತರು ಒಪ್ಪಿದರು. ಏಳು ಮಂದಿಯಲ್ಲಿ ಬಂದವನು ಒಬ್ಬ: ಶಾರ್ಜಾದ ಗೋಡೌನೊಂದರಲ್ಲಿ ಕೆಲಸ ಮಾಡುವ, ಗುರುವಾಯನಕೆರೆ ಕಡೆಯ ಅಬೂಬಕ್ಕರ್. ಗಂಟಲು ಕಟ್ಟಿದ ದನಿ, ಮಾತಿಗೊಮ್ಮೆ ಸಣ್ಣ ಕೆಮ್ಮು. ಇಬ್ಬರ ಮನೆಮಾತೂ ಬ್ಯಾರಿ. ಆದರೂ ಲೆಕ್ಕಕ್ಕೆ ಕೂತ ಕೂಡಲೇ ಇಬ್ಬರೂ ಕನ್ನಡಕ್ಕೆ ಬಂದರು. ಶಾಲೆಯಲ್ಲಿ ಕಲಿತದ್ದು ಶಾಲೆಯ ಭಾಷೆಯಲ್ಲೇ ಬರುವುದು.

ಮೊದಲ ಪ್ರಶ್ನೆ ಸುಲಭದ್ದಿರಲಿ ಎಂದು ಟೀಚರ್ ಕೇಳಿದರು, "ಮೈನಸ್ ಮೂರು ಗುಣಿಸು ಮೈನಸ್ ನಾಲ್ಕು, ಎಷ್ಟು ಹೇಳಿ?"

"ಮೈನಸ್ ಹನ್ನೆರಡು, ಟೀಚರ್."

"ಯಾರು ಹೇಳಿದ್ದು ಹಾಗಂತ?"

"ನೀವೇ ಅಲ್ವಾ ಟೀಚರ್, ನಾಲ್ಕನೇ ಪಾಠದಲ್ಲಿ. ನನಗೆ ಸಣ್ಣ ಡೌಟ್ ಬಂತು, ಮತ್ತೆ ಮತ್ತೆ ಹಾಕಿ ಕೇಳಿದೆ. ಪ್ರತಿ ಸಲವೂ ನೀವು ಅದನ್ನೇ ಹೇಳಿದ್ರಿ."

"ಡೌಟ್ ಬಂದ್ರೆ ಕೇಳ್ಬೇಕು ಮಾರಾಯ!"

"ಯಾರ ಹತ್ತಿರ ಕೇಳುವುದು ಟೀಚರ್? ರೂಮಲ್ಲಿ ಎಂಟು ಜನ ಇದ್ದೇವೆ, ಎಲ್ಲರೂ ಗೊರಕೆ. ನಾನು ಮುಸುಕು ಹಾಕಿ, ಇಯರ್‌ಫೋನ್ ಇಟ್ಟು ಕೇಳುವುದು. ಮೂವತ್ತೈದು ವರ್ಷ ಆದವ ಹತ್ತನೇ ಕ್ಲಾಸು ಓದ್ತಾನೆ ಅಂತ ಗೊತ್ತಾದ್ರೆ ಇವರು ನನ್ನನ್ನು ಬಿಡ್ತಾರಾ?"

ಟೀಚರಿಗೆ ಅಳು ಬಂತೋ ನಗು ಬಂತೋ ಅವರಿಗೇ ಇನ್ನೂ ಇತ್ಯರ್ಥವಾಗಿಲ್ಲ. "ತಪ್ಪು ಉತ್ತರ ಕೇಳಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರ್ಲಿಲ್ಲ. ಒಬ್ಬ ಕೇಳ್ತಾ ಇದ್ದಾನೆ! ಮತ್ತೆ ಹೆದರಿಕೆ ಆಯ್ತು. ಒಬ್ಬನಾದ್ರೂ ಕೇಳ್ತಾನೆ ಅಂತಾದ್ರೆ ನಾನು ಸರಿ ಹೇಳ್ಬೇಕಲ್ಲ." ನಾಲ್ಕನೇ ಪಾಠವನ್ನು ಮರುದಿನವೇ ಹೊಸದಾಗಿ ಮಾಡಿ ಕಳಿಸಿದರು. ಗಾಳ ಹಾಕುವುದನ್ನು ಬಿಟ್ಟರು. ಹದಿನಾಲ್ಕು ವರ್ಷ ಕೈ ಪಳಗಿದ ಉಪಾಯ ಅದು, ಬಿಟ್ಟ ಮೇಲೆ ಕೈ ಬರಿದೆನಿಸಿತಂತೆ.

ಆಮೇಲಿನ ಶುಕ್ರವಾರಗಳಲ್ಲಿ ಅಬೂಬಕ್ಕರ್ ತಪ್ಪದೆ ಬಂದ. ಅವನ ಜೊತೆಗೆ ಕೆಲವೊಮ್ಮೆ, ಅವನ ಗೋಡೌನಿನವನೇ ಆದ ಬಾಸಿತ್ ಎಂಬವನೂ ಬಂದು ಹೆಚ್ಚಾಗಿ ಆಕಳಿಸಿದ. ಉಳಿದ ಐವರ ದನಿಯನ್ನು ಟೀಚರ್ ಈವರೆಗೂ ಕೇಳಿಲ್ಲ. ಗುಣಿಸುವಲ್ಲಿ ಎಡವಿದಾಗೆಲ್ಲ ಬೈಗುಳ ತಿಂದು ತಿಂದು ಅಬೂಬಕ್ಕರ್ ಟೀಚರ ಬಾಯಲ್ಲಿ ಬಹುವಚನದಿಂದ ಏಕವಚನಕ್ಕೆ ಇಳಿದ. "ಬೈಯುವವರು ಇಲ್ಲಿ ತುಂಬ ಜನ ಇದ್ದಾರೆ ಟೀಚರ್. ಬೈದು ಮತ್ತೆ ಹೇಳಿಕೊಡುವವರು ನೀವೊಬ್ಬರೇ" ಎಂದು ಅವನೇ ಒಮ್ಮೆ ಹೇಳಿದ್ದಾನೆ.

ಜನವರಿಯಲ್ಲಿ ಲೋಕನಾಥ ಮಾಸ್ತರು ಫೋನ್ ಮಾಡಿ, ಬಹಳ ಮರ್ಯಾದೆಯಿಂದ, ಕಷ್ಟದ ಮಾತು ಹೇಳಿದರು. "ಟೀಚರ್, ಏಪ್ರಿಲಿನ ಪರೀಕ್ಷೆಗೆ ಒಬ್ಬನಾದ್ರೂ ಊರಿಗೆ ಬಂದು ಕೂರ್ಬೇಕು. ಕೂತ್ರೆ ಮುಂದಿನ ವರ್ಷವೂ ಮಾಡುವ. ಇಲ್ಲದಿದ್ರೆ ಇದನ್ನು ಇಲ್ಲಿಗೇ ನಿಲ್ಲಿಸುವ, ಬೇಸರ ಮಾಡ್ಬೇಡಿ." ಟೀಚರ್ ಬೇಸರ ಮಾಡಲಿಲ್ಲ, ಲೆಕ್ಕ ಮಾಡಿದರು. ಐವರಿಗೆ ದನಿಯೇ ಇಲ್ಲ. ಬಾಸಿತ್‌ಗೆ ರಜೆ ಇಲ್ಲ. ಉಳಿದವನು ಒಬ್ಬ. ಮಾರ್ಚಿನಲ್ಲಿ ಆ ಒಬ್ಬ, "ಸ್ಟಾಕ್ ಎಣಿಸುವ ಸಮಯ ಟೀಚರ್, ರಜೆ ಸಿಗುವುದು ಡೌಟು" ಎಂದ. ಆಮೇಲಿನ ಎರಡು ಶುಕ್ರವಾರ ಅವನೂ ಬರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಟೀಚರ್ ಪೂರ್ತಿ ಒಂದು ಗಂಟೆ ಕೂತರು. ಕ್ಲಾಸಿನ ಹೊತ್ತಿನಲ್ಲಿ ಟೀಚರ್ ಎದ್ದು ಹೋಗುವ ಕ್ರಮ ಇಲ್ಲ.

ಗಣಿತ ಪರೀಕ್ಷೆಯ ದಿನ ಅವರು ಬಸ್ಸು ಹತ್ತಿ ಬಿ.ಸಿ.ರೋಡಿಗೆ ಹೋದರು. ಖಾಸಗಿ ಅಭ್ಯರ್ಥಿಗಳ ಕೇಂದ್ರ ಅಲ್ಲಿನ ಒಂದು ಶಾಲೆಯಲ್ಲಿತ್ತು. ಗೇಟಿನ ಬಳಿ ನಿಂತ ಮೇಲೆ ಅವರಿಗೊಂದು ಸಂಗತಿ ಹೊಳೆಯಿತು. ಅಬೂಬಕ್ಕರ್ ಕಪ್ಪೋ ಬಿಳಿಯೋ, ಗಡ್ಡ ಉಂಟೋ ಇಲ್ಲವೋ, ಯಾವುದೂ ಅವರಿಗೆ ತಿಳಿಯದು. ಹಾಜರಿ ಪುಸ್ತಕ ನೋಡದೆ ಇಡೀ ಶಾಲೆಯ ಮಕ್ಕಳ ಹೆಸರು ಹೇಳುತ್ತಿದ್ದವರ ಎದುರೇ ನೂರಾರು ಮುಖಗಳು ಒಳಗೆ ಹೋದವು. ಒಂದೂ ಅವರ ಗುರುತಿನದಲ್ಲ.

ಅವರ ಅವಸ್ಥೆ ನೋಡಿ ಗೇಟಿನಲ್ಲಿದ್ದ ಜವಾನ ಧರ್ಣಪ್ಪ ಕನಿಕರದಿಂದ ಕೇಳಿದ, "ಮಗ ಬರೆಯುವುದಾ ಅಮ್ಮ? ಎಷ್ಟನೇ ಸಲ?"

"ಎರಡನೇ ಸಲ. ಮೊದಲನೇದು ಹದಿನೆಂಟು ವರ್ಷ ಹಿಂದೆ."

ಧರ್ಣಪ್ಪ ಒಳಗೆ ಹೋದ. ಒಂದು ಕುರ್ಚಿ ತಂದುಕೊಟ್ಟ.

ಪರೀಕ್ಷೆ ಬಿಟ್ಟ ಮೇಲೆ ಜನ ಹೊರಗೆ ಬಂತು. ಟೀಚರಿಂದ ಎರಡು ಮಾರು ದೂರದಲ್ಲಿ, ಮರದ ನೆರಳಲ್ಲಿ, ಕನ್ನಡಕದ ಒಬ್ಬ ಗಂಡಸು ಬಂದು ನಿಂತ. ಸಿಗರೇಟ್ ಹಚ್ಚಿದ. ಮೊಬೈಲ್ ಕಿವಿಗಿಟ್ಟು ಬ್ಯಾರಿಯಲ್ಲಿ ಜೋರಾಗಿ ಶುರು ಮಾಡಿದ: "ಬಾಸಿತಾ, ಕೇಳ್ತದಾ? ಸುಲಭ ಇತ್ತು ಮಾರಾಯ. ಟೀಚರ್ ಹೇಳಿದ ಹಾಗೆ ದೊಡ್ಡ ಲೆಕ್ಕ ಮೊದಲು ಮಾಡಿದೆ..." ಮಾತಿನ ನಡುವೆ ಸಣ್ಣ ಕೆಮ್ಮು.

ಟೀಚರ್ ಕುರ್ಚಿಯಿಂದ ಎದ್ದರು. ಎರಡು ಹೆಜ್ಜೆ ಇಟ್ಟರು. ಅವನು ಅವರತ್ತ ನೋಡಿದ, ಯಾರೋ ಹೆಂಗಸು ಬಸ್ಸಿಗೆ ಹೊರಟಿದ್ದಾರೆ ಎಂದುಕೊಂಡು ದಾರಿ ಬಿಟ್ಟ, ಹೊಗೆ ಬಿಟ್ಟ. ಟೀಚರ್ ಆ ದಾರಿಯಲ್ಲಿ ನಡೆದು ಬಸ್ಸು ಹತ್ತಿದರು.

"ಏನಂತ ಮಾತಾಡಿಸುವುದು?" ಎನ್ನುತ್ತಾರೆ ಈಗ. "ನಾನೇ ನಿನ್ನ ಟೀಚರ್ ಅಂತ ನಾನು ಹೋಗಿ ಹೇಳುವುದಾ? ಮಕ್ಕಳು ಬಂದು ಮಾತಾಡಿಸ್ಬೇಕು, ಅದು ಕ್ರಮ. ಅವನ ತಪ್ಪಲ್ಲ. ಅವನಿಗೂ ನಾನು ಬರೀ ಸ್ವರ." ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮೊದಲು ಮಾಡಿದ ಕೆಲಸ ಲೋಕನಾಥ ಮಾಸ್ತರಿಗೆ ಫೋನ್: "ಒಬ್ಬ ಕೂತಿದ್ದಾನೆ."

ಅಬೂಬಕ್ಕರ್ ನಲವತ್ತೊಂದು ಅಂಕ ತೆಗೆದು ಪಾಸಾದ. ಫಲಿತಾಂಶದ ದಿನ ಶಾರ್ಜಾದಿಂದ ಫೋನ್ ಬಂತು. ಖುಷಿಗೆ ಕೆಮ್ಮು ಹೆಚ್ಚಾಗಿತ್ತು. ಬಿ.ಸಿ.ರೋಡಿನ ವಿಷಯ ಟೀಚರ್ ಎತ್ತಲಿಲ್ಲ. ಆಮೇಲಿನ ಶುಕ್ರವಾರ ಅವನು ಬರಲಿಲ್ಲ. ಪಾಸಾದವನು ಯಾಕೆ ಬರುತ್ತಾನೆ? ಈ ಜೂನಿಗೆ ಎರಡನೇ ತಂಡ ಶುರುವಾಗಿದೆ, ಹೆಸರು ಕೊಟ್ಟವರು ಒಂಬತ್ತು ಮಂದಿ, ದನಿ ಇನ್ನೂ ಒಂದೂ ಕೇಳಿಸಿಲ್ಲ. ಎದುರಿನವರ ಮುಖ ಕಾಣುವ ಕ್ಯಾಮೆರಾ ತರಿಸಿಕೊಡಲೇ ಎಂದು ಶೋಧನ್ ಕೇಳಿದ್ದಾನೆ. ಮುಸುಕಿನೊಳಗೆ ಕೂತು ಪಾಠ ಕೇಳುವವರಿಗೆ ಕ್ಯಾಮೆರಾ ಯಾಕೆ ಎಂದು ಟೀಚರ್ ಬೇಡವೆಂದಿದ್ದಾರೆ.

ಹಾಗಾದರೆ ಏನು ಬೇಕು ಎಂದು ಕೇಳಿದರೆ ಎದ್ದು ಕಿಟಕಿಯ ಬಳಿಗೆ ಹೋಗುತ್ತಾರೆ. ಹೊರಗೆ ಲಾರಿಗಳು ಶುರುವಾಗಿವೆ. ಅವರು ಕಿಟಕಿಯ ಕಂಬಳಿ ಮಡಚಿಡುತ್ತಾರೆ.

"ನನ್ನ ಹಳೆ ಮಕ್ಕಳು ಈಗಲೂ ಪೇಟೆಯಲ್ಲಿ ನನ್ನನ್ನು ಕಂಡ್ರೆ ಮರ್ಯಾದೆಗೆ ಮಡಚಿ ಕಟ್ಟಿದ ಲುಂಗಿ ಇಳಿಸ್ತಾರೆ. ಮೀನಿನ ವ್ಯಾಪಾರದವನೂ ಇಳಿಸ್ತಾನೆ, ರಿಕ್ಷಾದವನೂ ಇಳಿಸ್ತಾನೆ. ಅಬೂಬಕ್ಕರ್ ನನ್ನ ಎದುರೇ ನಿಂತು ಸಿಗರೇಟ್ ಸೇದಿದ," ಎನ್ನುತ್ತಾರೆ ಶಾಹಿದಾ ಟೀಚರ್. "ಇನ್ನೊಮ್ಮೆ ಊರಿಗೆ ಬಂದಾಗ ಎಲ್ಲಿಯಾದ್ರೂ ನನ್ನನ್ನು ಕಂಡು, ಅದನ್ನು ಬೆನ್ನ ಹಿಂದೆ ಅಡಗಿಸಿದ್ರೆ ಸಾಕು. ಬಿಸಾಡುವುದು ಬೇಡ. ಅಡಗಿಸಿದ್ರೆ ಸಾಕು."