ಓದದೆ ಒತ್ತಿದ ಒಪ್ಪಿಗೆ

ನಮ್ಮ ಆಫೀಸಿನಲ್ಲಿ ಅವರನ್ನು ಎಲ್ಲರೂ ಯಾಕಮ್ಮ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ. ಯಾರು ಏನು ಬರೆದು ತಂದರೂ ಅವರ ಮೊದಲ ಮಾತು "ಯಾಕೆ?" ಈ ಸಾಲು ಯಾಕೆ, ಈ ಸಂಖ್ಯೆ ಯಾಕೆ, ಇಲ್ಲಿ ಯಾಕಿದೆ, ಅಲ್ಲಿ ಯಾಕಿಲ್ಲ. ಹೊಸದಾಗಿ ಸೇರಿದವರು ಮೊದಲ ತಿಂಗಳು ಅವರನ್ನು ಕಂಡರೆ ಕಾಫಿ ಯಂತ್ರದ ಹಿಂದೆ ಸರಿಯುತ್ತಿದ್ದರು. ಎರಡನೇ ತಿಂಗಳಿಗೆ ತಾವೇ ಅವರ ಮೇಜಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

ನಾನು ಅವರ ಪಕ್ಕದ ಮೇಜಿನವನು. ನಾವು ಮಾಡುವ ಸಾಫ್ಟ್‌ವೇರನ್ನು ಆಸ್ಪತ್ರೆಯವರು ಹೇಗೆ ಬಳಸಬೇಕೆಂದು ಕೈಪಿಡಿ ಬರೆಯುವುದು ನನ್ನ ಕೆಲಸ. ಹನ್ನೊಂದು ವರ್ಷ ಪಕ್ಕದಲ್ಲಿ ಕೂತಿದ್ದೇನೆ. ಈಗ ಹೇಳಲು ಹೊರಟಿರುವ ಸಂಗತಿಯಲ್ಲಿ ನನ್ನ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಯಾಕಮ್ಮನ ತಾಯಿ ಒಂದು ಅಚ್ಚುಮನೆಯಲ್ಲಿ ಮೂವತ್ತು ವರ್ಷ ಕರಡು ತಿದ್ದಿದವರು. ಪುಟವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುವುದು ಅವರ ರೂಢಿ. "ಮೇಲಿಂದ ಓದಿದ್ರೆ ಅರ್ಥ ನಮ್ಮನ್ನ ಎಳ್ಕೊಂಡು ಹೋಗುತ್ತೆ, ತಪ್ಪು ಕಾಣ್ಸಲ್ಲ" ಎನ್ನುತ್ತಿದ್ದರಂತೆ. ಮಗಳು ಪ್ರೋಗ್ರಾಮುಗಳನ್ನೂ ಹಾಗೆಯೇ ಓದುತ್ತಿದ್ದರು, ತಳದಿಂದ ತಲೆಗೆ, ಪರದೆಯ ಮೇಲೆ ಒಂದು ಸ್ಕೇಲು ಹಿಡಿದುಕೊಂಡು. ನೋಡುವವರಿಗೆ ನಗು ಬರುತ್ತಿತ್ತು. ಆದರೆ ಅವರು ಓದಿ ಕಳಿಸಿದ್ದರ ಬಗ್ಗೆ ಆಸ್ಪತ್ರೆಯಿಂದ ದೂರು ಬಂದದ್ದನ್ನು ನಾನು ಕಂಡಿರಲಿಲ್ಲ.

ಅವರು ನೋಡಿಕೊಳ್ಳುತ್ತಿದ್ದ ಪ್ರೋಗ್ರಾಮು ಡಯಾಲಿಸಿಸ್ ವಾರ್ಡಿನದು. ಮೂತ್ರಪಿಂಡ ಕೆಟ್ಟವರು ವಾರಕ್ಕೆ ಮೂರು ಸಲ ಅಲ್ಲಿಗೆ ಬರುತ್ತಾರೆ. ಮೈಯಲ್ಲಿ ನಿಂತ ನೀರನ್ನು ಯಂತ್ರ ನಾಲ್ಕು ಗಂಟೆ ಕೂತು ತೆಗೆಯುತ್ತದೆ. ಎಷ್ಟು ತೆಗೆಯಬೇಕೆಂಬುದನ್ನು ತೂಕ ನೋಡಿ ಲೆಕ್ಕ ಹಾಕುವುದು ನಮ್ಮ ಪ್ರೋಗ್ರಾಮು, ಹೆಚ್ಚಿದ ಒಂದು ಕಿಲೋಗೆ ಒಂದು ಲೀಟರು. ನಿಲ್ಲಲಾಗದವರನ್ನು ಗಾಲಿಕುರ್ಚಿಯ ಸಮೇತ ತೂಗಿ, ಕುರ್ಚಿಯ ತೂಕವನ್ನು ಕಳೆಯುತ್ತಾರೆ.

ಆರು ವರ್ಷದ ಹಿಂದೆ ಒಬ್ಬ ಅಜ್ಜಿಯನ್ನು ಕುರ್ಚಿಗೆ ಕಟ್ಟಿದ್ದ ಆಮ್ಲಜನಕದ ಸಿಲಿಂಡರಿನೊಂದಿಗೇ ತೂಗಿಬಿಟ್ಟಿದ್ದರು. ಆ ವಾರ್ಡಿನ ಹಿರಿಯ ನರ್ಸ್, ಎಲ್ಲರೂ ದೊಡ್ಡ ಸಿಸ್ಟರ್ ಎನ್ನುವವರು, ಅಜ್ಜಿಯ ಕಣಕಾಲು ಒತ್ತಿ ನೋಡಿ, "ಇಷ್ಟು ನೀರು ಇವರ ಮೈಯಲ್ಲಿ ಇಲ್ಲ" ಎಂದು ಯಂತ್ರ ನಿಲ್ಲಿಸಿದರು. ಆಮೇಲೆ ಯಾಕಮ್ಮನಿಗೆ ಫೋನು ಮಾಡಿದರು: "ಮೇಡಂ, ನನ್ನ ಕಣ್ಣಿಗೆ ಬಿತ್ತು, ಸರಿ ಹೋಯ್ತು. ನಾನು ರಜೆ ಹಾಕಿದ ದಿನ?" ಯಾಕಮ್ಮ ಮೂರು ದಿನ ಆ ವಾರ್ಡಿನಲ್ಲಿ ತೂಕದ ಯಂತ್ರದ ಪಕ್ಕ ನಿಂತು ಬಂದು ಒಂದು ನಿಯಮ ಬರೆದರು. ಹಿಂದಿನ ಸಲ ಎದ್ದುಹೋದಾಗ ಇದ್ದ ತೂಕಕ್ಕಿಂತ ಮೂರು ಕಿಲೋ ಮೇಲ್ಪಟ್ಟು ಬಂದರೆ ಪ್ರೋಗ್ರಾಮು ಮುಂದೆ ಹೋಗುವುದಿಲ್ಲ. ಮತ್ತೆ ತೂಗಿ ಎನ್ನುತ್ತದೆ. ಎಂಟು ಸಾಲು ಅಷ್ಟೆ.

ಕೋಡ್ ಬರೆಯುವ ಎಐ ನಮ್ಮಲ್ಲಿಗೆ ಬಂದದ್ದು ಹೋದ ವರ್ಷ. ಯಾಕಮ್ಮನಿಗೆ ಅದರ ಮೇಲೆ ಹಗೆಯೇನೂ ಇರಲಿಲ್ಲ. ಬೇಸರದ ಕೆಲಸಗಳನ್ನು ಅದಕ್ಕೆ ಕೊಟ್ಟು, ಬರೆದದ್ದನ್ನು ಓದಿ, "ಪರವಾಗಿಲ್ಲ, ಅಕ್ಷರ ದುಂಡಗಿದೆ" ಎನ್ನುತ್ತಿದ್ದರು. ತೊಂದರೆ ಶುರುವಾದದ್ದು ನಮ್ಮ ಮುಖ್ಯಸ್ಥರಿಂದ. ಅವರಿಗೆ ಹಸಿರು ಸಾಹೇಬರು ಎಂದು ಹೆಸರು ಬಿದ್ದಿತ್ತು, ಏಕೆಂದರೆ ಗೋಡೆಗೆ ಒಂದು ದೊಡ್ಡ ಪರದೆ ಹಾಕಿಸಿ, ಯಾರ ಕೆಲಸ ಸಾಗಿದೆಯೋ ಅವರ ಹೆಸರು ಹಸಿರು, ಯಾರಿಂದ ನಿಂತಿದೆಯೋ ಅವರದು ಕೆಂಪು ಎಂದು ಮಾಡಿದ್ದರು. ಯಂತ್ರ ಬರೆಯುವ ವೇಗಕ್ಕೆ ಮನುಷ್ಯ ಓದಬೇಕಿತ್ತು. ಯಾಕಮ್ಮನ ಹೆಸರು ದಿನಾ ಕೆಂಪು.

"ಮೇಡಂ, ಪರೀಕ್ಷೆಗಳೆಲ್ಲ ಪಾಸಾಗಿವೆ. ಇನ್ನೇನು ಓದೋದಿದೆ?" ಎಂದು ಕೇಳುತ್ತಿದ್ದರು ಸಾಹೇಬರು.

"ಪರೀಕ್ಷೆ ಬರೆದಿದ್ದೂ ಅದೇ ಯಂತ್ರ ಅಲ್ವಾ ಸರ್. ಪ್ರಶ್ನೆಪತ್ರಿಕೆ ಮಾಡಿದವನೇ ಉತ್ತರ ಬರೆದು ಅಂಕಾನೂ ತಾನೇ ಹಾಕ್ಕೊಂಡ್ರೆ ಯಾರು ಫೇಲಾಗ್ತಾರೆ?"

ಸಾಹೇಬರು ನಗುತ್ತಿದ್ದರು. ಆ ನಗು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಒಂದು ಸೋಮವಾರ, ಡಯಾಲಿಸಿಸ್ ಪ್ರೋಗ್ರಾಮನ್ನು ಇಡಿಯಾಗಿ "ಚೊಕ್ಕ ಮಾಡಿ" ಎಂದು ಯಂತ್ರಕ್ಕೆ ಹೇಳಲಾಯಿತು. ಅದು ಇಪ್ಪತ್ತು ನಿಮಿಷದಲ್ಲಿ ನಾಲ್ಕು ಸಾವಿರದ ಮುನ್ನೂರು ಸಾಲು ಬದಲಿಸಿ ಕೊಟ್ಟಿತು. ಯಾಕಮ್ಮ ಸ್ಕೇಲು ಹಿಡಿದು ಕೂತರು. ಸೋಮವಾರ, ಮಂಗಳವಾರ, ಬುಧವಾರ. ಅರ್ಧದ ಹತ್ತಿರಕ್ಕೂ ಬಂದಿರಲಿಲ್ಲ. ಬುಧವಾರ ಮಧ್ಯಾಹ್ನ ಸಾಹೇಬರು ಬಂದು ಅವರ ಕುರ್ಚಿಯ ಹಿಂದೆ ನಿಂತರು. ಕೂಗಾಡಲಿಲ್ಲ. ಅವರು ಕೂಗಾಡುವ ಜಾತಿಯಲ್ಲ.

"ನಿಮ್ಮೊಬ್ಬರಿಂದ ಹನ್ನೊಂದು ಜನ ಕೈಕಟ್ಟಿ ಕೂತಿದ್ದಾರೆ ಮೇಡಂ. ನಿಮಗೆ ಸುಸ್ತಾಗಿದ್ರೆ ಹೇಳಿ, ಬೇರೆ ಯಾರಿಗಾದ್ರೂ ಕೊಡೋಣ."

ಹನ್ನೊಂದು ಜನವೂ ತಲೆಯೆತ್ತಿ ನೋಡುತ್ತಿದ್ದರು. ಅವರಲ್ಲಿ ನಾನೂ ಒಬ್ಬ. ನಾನೇ ಬಾಯಿಬಿಟ್ಟು ಅಂದೆ: "ಬಿಡಿ ಅಕ್ಕ, ಒತ್ತಿಬಿಡಿ. ಎಷ್ಟೂಂತ ಓದ್ತೀರಿ?"

ಯಾಕಮ್ಮ ಸ್ಕೇಲು ಕೆಳಗಿಟ್ಟರು. ಒಪ್ಪಿಗೆ ಎಂಬ ಗುಂಡಿ ಒತ್ತಿದರು. ಗೋಡೆಯ ಮೇಲೆ ಅವರ ಹೆಸರು ಹಸಿರಾಯಿತು. ಯಾರೋ ಚಪ್ಪಾಳೆ ತಟ್ಟಿದರು.

ಮೂರು ವಾರದ ನಂತರ ಬೆಳಿಗ್ಗೆ ಹನ್ನೊಂದಕ್ಕೆ ವಾರ್ಡಿನಿಂದ ಫೋನು ಬಂತು. ಒಂದು ಕಾಲು ಕಳೆದುಕೊಂಡಿದ್ದ, ನಿವೃತ್ತ ಬಸ್ ಡ್ರೈವರ್ ಒಬ್ಬರು ಕುರ್ಚಿಯಲ್ಲೇ ಎಚ್ಚರ ತಪ್ಪಿದ್ದರು. ರಕ್ತದೊತ್ತಡ ಪಾತಾಳಕ್ಕಿಳಿದಿತ್ತು. ಒಂದೂವರೆ ಲೀಟರು ತೆಗೆಯಬೇಕಾದ ಕಡೆ ಡಯಾಲಿಸಿಸ್ ಯಂತ್ರ ನಾಲ್ಕಕ್ಕೆ ಹೊರಟಿತ್ತು. ಆಸ್ಪತ್ರೆಗೆ ಆ ವಾರ ಹೊಸ ಗಾಲಿಕುರ್ಚಿಗಳು ಬಂದಿದ್ದವು. ಹಳೆಯವಕ್ಕಿಂತ ಎರಡೂವರೆ ಕಿಲೋ ಭಾರ. ಗೋಡೆಗೆ ಅಂಟಿಸಿದ್ದ ಚೀಟಿಯಲ್ಲಿ ಹಳೆಯ ತೂಕವೇ ಇತ್ತು. ದೊಡ್ಡ ಸಿಸ್ಟರ್ ಅದನ್ನೇ ಟೈಪು ಮಾಡಿದ್ದರು.

"ನಾಲ್ಕಾ?" ಎಂದರು ಯಾಕಮ್ಮ ಫೋನಿನಲ್ಲಿ. "ಮೂರು ದಾಟಿದ್ರೆ ನಿಲ್ಲಬೇಕಲ್ಲ."

ನಿಲ್ಲಿಸುವ ಆ ಎಂಟು ಸಾಲುಗಳನ್ನು ಹುಡುಕಿದರು. ಇರಲಿಲ್ಲ. ಬದಲಾವಣೆಗಳ ಪಟ್ಟಿಯಲ್ಲಿ, ತಳದಿಂದ ಎಣಿಸಿದರೆ ಮೂರು ಸಾವಿರದ ಚಿಲ್ಲರೆ ಸಾಲುಗಳ ಆಚೆ, ಯಂತ್ರ ಬರೆದ ಟಿಪ್ಪಣಿ ಸಿಕ್ಕಿತು: ತೂಕದ ತಪಾಸಣೆ ಎರಡು ಕಡೆ ಇದ್ದುದರಿಂದ ಒಂದನ್ನು ತೆಗೆಯಲಾಗಿದೆ. ಇನ್ನೊಂದು ತಪಾಸಣೆ ಯಾವುದೆಂದರೆ, ತೂಕ ಇಪ್ಪತ್ತರಿಂದ ಇನ್ನೂರು ಕಿಲೋ ಒಳಗಿರಬೇಕು ಎಂಬುದು. ಆನೆ ಬರದಂತೆ ಕಾಯುವ ಬೇಲಿಯೂ ಹಾವು ಬರದಂತೆ ಕಾಯುವ ಬೇಲಿಯೂ ಒಂದೇ ಎಂದುಕೊಂಡಂತೆ. ಟಿಪ್ಪಣಿಯ ಕೆಳಗೆ, ಓದಿ ಒಪ್ಪಿದವರು ಎಂಬಲ್ಲಿ ಯಾಕಮ್ಮನ ಹೆಸರಿತ್ತು.

ಅವತ್ತು ಸಂಜೆ ಅವರನ್ನು ನನ್ನ ಸ್ಕೂಟರಿನಲ್ಲಿ ಮನೆಗೆ ಬಿಟ್ಟೆ. ಅವರ ತಾಯಿಗೆ ಈಗ ಎಂಬತ್ತೆರಡು, ಕಣ್ಣು ಪೂರ್ತಿ ಹೋಗಿದೆ. ಮುಂದಿನ ಕೋಣೆಯಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದವರು ಹೆಜ್ಜೆಯ ಸದ್ದಿಗೇ ಮುಖವೆತ್ತಿದರು.

"ಏನಾಯ್ತೇ? ಚಪ್ಪಲಿ ಎಳೀತಿದೀಯ."

ಯಾಕಮ್ಮ ನಿಂತಲ್ಲೇ ಎಲ್ಲವನ್ನೂ ಹೇಳಿದರು. ಮುದುಕಿ ಕೇಳಿಸಿಕೊಂಡರು.

"ಓದ್ದೆ ಸಹಿ ಹಾಕಿದ್ಯಾ?"

"ಹಾಕ್ದೆ ಅಮ್ಮ."

"ನಂಗೆ ಕಣ್ಣಿಲ್ಲ, ಅದಕ್ಕೆ ಓದಲ್ಲ. ನಿಂಗೇನಾಗಿತ್ತು?"

ನಾನು ನಡುವೆ ಬಾಯಿ ಹಾಕಿದೆ. "ಅಮ್ಮ, ಅವರ ತಪ್ಪಲ್ಲ. ತುಂಬ ಒತ್ತಡ ಇತ್ತು."

"ನೀನು ಸುಮ್ನಿರಪ್ಪ," ಎಂದರು ಮುದುಕಿ. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋರು ಊರ ತುಂಬ ಇರ್ತಾರೆ. ನಾನು ಇವಳನ್ನ ಹಂಗೆ ಬೆಳೆಸಿಲ್ಲ."

ಯಾಕಮ್ಮ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಅಳುತ್ತಾರೆಂದು ನಾನು ಹೆದರಿದ್ದೆ. ಅಳಲಿಲ್ಲ. ಒರೆಸಿಕೊಂಡ ಟವೆಲನ್ನು ಕೋಪದಿಂದ ಮೂಲೆಗೆ ಎಸೆದರು.

ಮರುದಿನ ಗೊತ್ತಾಯಿತು, ಆಸ್ಪತ್ರೆಯವರು ದೊಡ್ಡ ಸಿಸ್ಟರನ್ನು ಕೆಲಸದಿಂದ ಅಮಾನತು ಮಾಡಿದ್ದಾರೆಂದು. ವಿಚಾರಣೆಗೆ ನಮ್ಮನ್ನೂ ಕರೆದಿದ್ದರು. ಲಿಫ್ಟಿನಲ್ಲಿ ಹಸಿರು ಸಾಹೇಬರು ನಮ್ಮಿಬ್ಬರಿಗೂ ಮೆಲ್ಲಗೆ ಹೇಳಿದರು: "ಕೇಳಿದ್ದಕ್ಕೆ ಮಾತ್ರ ಉತ್ತರ. ಮೇಡಂ, ನಿಮ್ಮ ಹೆಸರೇ ಅಲ್ಲಿರೋದು, ನೆನಪಿರಲಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಉದ್ದನೆಯ ಮೇಜು. ಆ ತುದಿಗೆ ಆಸ್ಪತ್ರೆಯ ಹಿರಿಯ ವೈದ್ಯರು. ಒಂದು ಪಕ್ಕದಲ್ಲಿ ದೊಡ್ಡ ಸಿಸ್ಟರ್, ಸಮವಸ್ತ್ರವಿಲ್ಲದೆ, ಕೈಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡು. ಸಾಹೇಬರು ನಮ್ಮ ಕೈಪಿಡಿ ತೆರೆದರು. ನಲವತ್ತೊಂದನೇ ಪುಟ. "ಕುರ್ಚಿಗಳನ್ನು ಬದಲಿಸಿದಾಗ ಹೊಸ ತೂಕವನ್ನು ದಾಖಲಿಸುವುದು ಸಿಬ್ಬಂದಿಯ ಹೊಣೆ." ನಾನು ಬರೆದ ವಾಕ್ಯ. ಐದು ವರ್ಷದ ಹಿಂದೆ, ಊಟಕ್ಕೆ ಮುಂಚೆ, ಏನೂ ಯೋಚಿಸದೆ ಬರೆದದ್ದು. ಅದನ್ನೀಗ ಆ ಹೆಂಗಸಿನ ಕುತ್ತಿಗೆಗೆ ಹಿಡಿದಿದ್ದರು.

"ಸಿಸ್ಟರ್, ನಾಲ್ಕು ಲೀಟರ್ ಅಂದಾಗ ನಿಮಗೆ ಅನುಮಾನ ಬರಲಿಲ್ವಾ?" ಎಂದು ವೈದ್ಯರು ಕೇಳಿದರು.

"ಅವತ್ತು ಹದಿನಾಲ್ಕು ಜನಕ್ಕೆ ನಾವಿಬ್ರೇ ಇದ್ವಿ ಡಾಕ್ಟ್ರೇ. ತಪ್ಪಿದ್ರೆ ಅದೇ ನಿಲ್ಸುತ್ತೆ ಅಂದ್ಕೊಂಡೆ. ಆರು ವರ್ಷದಿಂದ ನಿಲ್ಸಿದೆ. ನಾನೇ ಹೇಳಿ ಹಾಕ್ಸಿದ್ದು ಅದು." ಹಾಗೆಂದು ಯಾಕಮ್ಮನ ಕಡೆ ನೋಡಿದರು. "ಇವರನ್ನ ನಂಬಿದ್ದೆ."

ಯಾಕಮ್ಮ ಎದ್ದು ನಿಂತರು. ಯಾರೂ ಅವರನ್ನು ಏನೂ ಕೇಳಿರಲಿಲ್ಲ.

"ನಿಲ್ಲಿಸೋ ಸಾಲುಗಳನ್ನ ತೆಗೆದುಹಾಕಿದ್ವಿ," ಎಂದರು. "ಕೋಡ್ ಬರೆಯೋ ಯಂತ್ರ ತೆಗೀತು. ಅದಕ್ಕೆ ಯಾಕೆ ಅಂತ ಗೊತ್ತಿರಲಿಲ್ಲ, ಗೊತ್ತಿರೋಕೂ ಸಾಧ್ಯ ಇಲ್ಲ. ಗೊತ್ತಿದ್ದವಳು ನಾನು. ನಾಲ್ಕು ಸಾವಿರದ ಮುನ್ನೂರು ಸಾಲಲ್ಲಿ ಅರ್ಧಕ್ಕಿಂತ ಕಡಿಮೆ ಓದಿ, ಎಲ್ಲ ಓದಿದೀನಿ ಅಂತ ಒಪ್ಪಿಗೆ ಒತ್ತಿದೆ."

"ಮೇಡಂ, ಅದು ನಮ್ಮ ಒಳಗಿನ ವಿಷಯ," ಎಂದರು ಸಾಹೇಬರು.

"ಒಳಗಿನ ವಿಷಯ ಹೊರಗೆ ಕುರ್ಚೀಲಿ ಎಚ್ಚರ ತಪ್ಪಿ ಬಿತ್ತಲ್ಲ ಸರ್. ಓದೋಕೆ ಎರಡು ವಾರ ಬೇಕಿತ್ತು. ನೀವು ಮೂರು ದಿನ ಕೊಟ್ರಿ. ಕೊಟ್ಟಿಲ್ಲ ಅಂತ ನಾನು ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಅದು ನನ್ನ ತಪ್ಪು. ಆದ್ರೆ ಈ ಸಿಸ್ಟರ್ ಮೇಲೆ ಹಾಕ್ತೀರಲ್ಲ, ನಿಮಗೆ ನಾಚಿಕೆ ಆಗಲ್ವಾ?"

ನಾನು ಆಗ ಒಂದು ಕೆಲಸ ಮಾಡಿದೆ, ಅಷ್ಟಾದರೂ ಮಾಡಿದೆ. ಕೈಪಿಡಿಯ ಮುಂದಿನ ಪುಟ ತಿರುವಿ ವೈದ್ಯರ ಮುಂದಿಟ್ಟೆ. ನಲವತ್ತೆರಡು: "ವ್ಯತ್ಯಾಸ ಮೂರು ಕಿಲೋ ಮೀರಿದರೆ ಪ್ರೋಗ್ರಾಮು ತಾನಾಗಿಯೇ ನಿಲ್ಲುತ್ತದೆ." ಅದನ್ನೂ ನಾನೇ ಬರೆದಿದ್ದೆ. ಮೂರು ವಾರದಿಂದ ಅದು ಸುಳ್ಳಾಗಿತ್ತು.

ದೊಡ್ಡ ಸಿಸ್ಟರ್ ಹತ್ತು ದಿನದ ಮೇಲೆ ಕೆಲಸಕ್ಕೆ ವಾಪಸಾದರು. ಆ ಎಂಟು ಸಾಲುಗಳು ವಿಚಾರಣೆಯ ದಿನವೇ ಹಿಂದಿರುಗಿದವು. ತ್ವರಿತವಾಗಿ ಸರಿಪಡಿಸಿದ್ದಕ್ಕೆ ಹಸಿರು ಸಾಹೇಬರಿಗೆ ಮೇಲಿನವರಿಂದ ಮೆಚ್ಚುಗೆಯ ಪತ್ರ ಬಂತು. ಓದದೆ ಒಪ್ಪಿಗೆ ಕೊಟ್ಟಿದ್ದಕ್ಕೆ ಯಾಕಮ್ಮನಿಗೆ ಎಚ್ಚರಿಕೆಯ ಪತ್ರ. ಅವರು ಅದನ್ನು ಎರಡು ಸಲ ಓದಿ, "ಇದರಲ್ಲಿ ಬರೆದಿರೋದೆಲ್ಲ ಸರಿ. ಇನ್ನೂ ಹನ್ನೆರಡು ಪ್ರತಿ ತೆಗೀಬೇಕಿತ್ತು ಅಷ್ಟೇ," ಎಂದರು. ಅವರನ್ನು ಬಿಟ್ಟು, ಸಾಹೇಬರನ್ನೂ ನನ್ನನ್ನೂ ಸೇರಿಸಿ ನಾವು ಅಲ್ಲಿ ಹನ್ನೆರಡು ಜನ.

ಅವರು ಕೆಲಸ ಬಿಡುತ್ತಾರೆಂದು ಎಲ್ಲರೂ ಎಣಿಸಿದ್ದರು. ಬಿಡಲಿಲ್ಲ. "ನಾನು ಹೋದ್ರೆ ಈ ಗೋಡೆ ಪೂರ್ತಿ ಹಸಿರಾಗುತ್ತೆ" ಎಂದರು.

ಡ್ರೈವರ್ ಬದುಕಿಕೊಂಡರು. ಆದರೆ ಅವತ್ತು ಮೆದುಳಿಗೆ ರಕ್ತ ಸಾಲದೆ ಹೋಗಿ, ಎಡಗೈ ಮೊದಲಿನಂತಾಗಲಿಲ್ಲ. ಯಾಕಮ್ಮ ಅವರನ್ನು ನೋಡಲು ಹೋದಾಗ ನಾನೂ ಜೊತೆಗಿದ್ದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡಿದ್ದರು. ಎರಡನೇ ವಾಕ್ಯಕ್ಕೇ ಡ್ರೈವರ್ ತಡೆದರು.

"ಅದೆಲ್ಲ ನಂಗೆ ಅರ್ಥ ಆಗಲ್ಲಮ್ಮ. ಈ ಬಾಟ್ಲಿ ಮುಚ್ಚಳ ತೆಗೆದುಕೊಡಿ. ಬೆಳಿಗ್ಗೆಯಿಂದ ಒದ್ದಾಡ್ತಿದೀನಿ. ಮಗಳು ಬರೋದು ಸಾಯಂಕಾಲ."

ಯಾಕಮ್ಮ ಮುಚ್ಚಳ ತಿರುವಿ ಕೊಟ್ಟರು. ಡ್ರೈವರ್ ಮಾತ್ರೆ ನುಂಗಿ, ಮತ್ತೆ ತಾವೇ ತೆಗೆಯಲಾಗುವಷ್ಟು ಸಡಿಲವಾಗಿ ಮುಚ್ಚಿಡಲು ಹೇಳಿದರು. ಅಷ್ಟೇ ನಡೆದದ್ದು. ಹೊರಗೆ ಮೆಟ್ಟಿಲ ಮೇಲೆ ಯಾಕಮ್ಮ ನನ್ನತ್ತ ತಿರುಗಿದರು. "ಬೈದಿದ್ರೆ ಚೆನ್ನಾಗಿತ್ತು," ಎಂದರು. ಆ ಮುಖ ನೋಡಿ ನಾನು ಒಂದು ಮೆಟ್ಟಿಲು ಹಿಂದೆ ಸರಿದೆ.

ಈಗ ಅವರು ಎಲ್ಲವನ್ನೂ ಓದುತ್ತಾರೆ. ಸಾಹೇಬರು ಹಿಂದೆ ಬಂದು ನಿಂತರೆ, ಪಕ್ಕದ ಕುರ್ಚಿ ತೋರಿಸಿ, "ಕೂತ್ಕೊಳ್ಳಿ ಸರ್, ನೀವೂ ಓದಿ" ಎನ್ನುತ್ತಾರೆ. ಸಾಹೇಬರು ಇದುವರೆಗೆ ಕೂತಿಲ್ಲ. ಬದಲಾವಣೆ ಇನ್ನೂರು ಸಾಲು ಮೀರಿದರೆ ತೆಗೆದುಕೊಳ್ಳುವುದಿಲ್ಲ, ತುಂಡು ಮಾಡಿ ತನ್ನಿ ಎಂದು ಹಿಂದಕ್ಕೆ ಕಳಿಸುತ್ತಾರೆ. ಅವರಿಗೆ ನಿವೃತ್ತಿ ಇನ್ನು ಎರಡು ವರ್ಷ. ತಮ್ಮ ನಂತರ ಆ ವಾರ್ಡಿನ ಪ್ರೋಗ್ರಾಮನ್ನು ಓದಲು ಇಬ್ಬರನ್ನು ಕೊಡಿ, ಆ ಇಬ್ಬರೂ ಮೊದಲು ಮೂರು ದಿನ ವಾರ್ಡಿನಲ್ಲಿ ನಿಂತು ಬರಲಿ ಎಂದು ನಾಲ್ಕು ಸಲ ಬರೆದು ಕೇಳಿದ್ದಾರೆ. ಉತ್ತರ ಬಂದಿಲ್ಲ. ಐದನೆಯ ಪತ್ರವನ್ನು ಈ ಬೆಳಿಗ್ಗೆ ನನ್ನ ಕೈಗೆ ಕೊಟ್ಟು, ಭಾಷೆ ಸ್ವಲ್ಪ ಮೆತ್ತಗೆ ಮಾಡಿಕೊಡು ಎಂದರು. ನಾನು ಓದಿದೆ. ಮೆತ್ತಗೆ ಮಾಡಲಿಲ್ಲ.