ಖಾಲಿ ಕೂತಿದ್ದ ಹೊಸ ಹಾರ್ಡ್ ಡಿಸ್ಕ್

ಜಯನಗರದ ಅಂಗಡಿಯಲ್ಲಿ ನನ್ನ ಕಂಪ್ಯೂಟರ್ ರಿಪೇರಿಗೆ ಕೂತ ಹೆಣ್ಣುಮಗಳು ಪರದೆ ನೋಡುತ್ತಲೇ ನಗು ತಡೆಯಲು ತುಟಿ ಕಚ್ಚಿಕೊಂಡಳು. ತಿಂಗಳ ಹಿಂದೆ ನಾನೇ ವಿಡಿಯೊ ನೋಡಿಕೊಂಡು, ಕಂಪ್ಯೂಟರ್ ಬೇಗ ಶುರುವಾಗಲೆಂದು ಹೆಚ್ಚು ವೇಗದ ಹೊಸ ಹಾರ್ಡ್ ಡಿಸ್ಕ್ ಜೋಡಿಸಿ, ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಆದರೂ ಕಂಪ್ಯೂಟರ್ ಶುರುವಾಗುವಷ್ಟರಲ್ಲಿ ಕಾಫಿ ಕುಡಿದು ಲೋಟವನ್ನೂ ತೊಳೆದಿಡಬಹುದಿತ್ತು.

“ಆಂಟಿ, ಹೊಸ ಡಿಸ್ಕ್ ಖಾಲಿ ಇದೆ. ವಿಂಡೋಸ್ ಇನ್ನೂ ಹಳೇದ್ರಲ್ಲೇ ಓಡ್ತಿದೆ. ಹೊಸ ಮನೆ ಕಟ್ಟಿಸಿ, ಬೀಗ ಹಾಕಿ, ಹಳೇ ಮನೇಲೇ ಇದೀರಲ್ಲ,” ಎಂದಳು.

ಎಲ್ಲವನ್ನೂ ಅವಳೇ ಹೊಸ ಡಿಸ್ಕ್‌ಗೆ ಸಾಗಿಸಿಕೊಟ್ಟಳು. ಗುಂಡಿ ಒತ್ತಿ ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಕಂಪ್ಯೂಟರ್ ಸಿದ್ಧವಾಗಿತ್ತು.

ಉತ್ತರಹಳ್ಳಿಯ ಮನೆಗೆ ಬಂದವಳೇ, ಚೆನ್ನಾಗಿದೆ, ಇರಲಿ ಎಂದು ಮೂರು ವರ್ಷದಿಂದ ಅಟ್ಟದ ಮೇಲಿಟ್ಟಿದ್ದ ಹೊಸ ಕುಕ್ಕರ್ ಇಳಿಸಿ ಅನ್ನಕ್ಕಿಟ್ಟೆ.