ಚಿಕ್ಕತಾಯಮ್ಮನ ಚಂದ್ರಿಕೆ, ನಾನು ತಟ್ಟಿದ ಬಾಗಿಲು

ಕನಕಪುರದ ನನ್ನ ವಕೀಲಿ ಕಚೇರಿಗೆ ನೀವು ಎಂದಾದರೂ ಬಂದರೆ, ಪುಸ್ತಕದ ಕಪಾಟಿಗೆ ಒರಗಿಸಿಟ್ಟ ಬಿದಿರಿನ ಚಂದ್ರಿಕೆಯೊಂದು ಕಣ್ಣಿಗೆ ಬೀಳುತ್ತದೆ. ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲೆಂದು ಬಿಡುವ ತಟ್ಟಿ ಅದು. ನಮ್ಮ ಸೀಮೆಯ ಯಾವ ಅಂಗಳದಲ್ಲಾದರೂ ಸಿಕ್ಕೀತು. ಆದರೆ ಇದು ನಡುವೆ ಪುಸ್ತಕದಂತೆ ಮಡಚಿಕೊಳ್ಳುತ್ತದೆ, ಬೆನ್ನಿಗೆ ಬಿಟ್ಟ ಸೀಳುಗಳಿಂದ ಹುಳುವಿನ ಉಚ್ಚೆ ಗೂಡಿಗೆ ತಾಗದೆ ಸೋರಿಹೋಗುತ್ತದೆ, ಗೂಡಿಗೆ ಕಲೆ ಹತ್ತುವುದಿಲ್ಲ. ಕಕ್ಷಿದಾರರು ಇದಕ್ಕೆ ಕೊಡೆ ನೇತುಹಾಕುತ್ತಾರೆ, ನಾನು ಗದರುತ್ತೇನೆ.

ಇದನ್ನು ಯೋಚಿಸಿ ಕಟ್ಟಿಸಿದವರು ಸಾತನೂರಿನ ಕಡೆಯ ಚಿಕ್ಕತಾಯಮ್ಮ. ರೇಷ್ಮೆ ತರಬೇತಿಗೆ ಬಂದ ಅಧಿಕಾರಿಯೊಬ್ಬರು ಮೆಚ್ಚಿ ಪೇಟೆಂಟಿಗೆ ಅರ್ಜಿ ಹಾಕಿಸಿದ್ದರು. ಕರ್ನಾಟಕದ ಅರ್ಜಿಗಳನ್ನು ನೋಡುವ ಕಚೇರಿ ಇರುವುದು ಚೆನ್ನೈಯಲ್ಲಿ. ಅಲ್ಲಿಂದ ತಿರಸ್ಕಾರದ ಆದೇಶ ಬಂದ ಮೇಲೆ ಚಿಕ್ಕತಾಯಮ್ಮ ನನ್ನ ಬಳಿಗೆ ಬಂದರು. ಕಸುಬು ಬಲ್ಲ ಯಾರಿಗಾದರೂ ಹೊಳೆಯಬಹುದಾದದ್ದು ಎಂಬುದು ಆದೇಶದ ಸಾರ. ಓದಿ ಹೇಳಿದೆ.

"ಹಂಗಾರೆ ಇಷ್ಟ್ ವರ್ಸ ಯಾರ್ಗೂ ಯಾಕೆ ಹೊಳೀನಿಲ್ಲ ಲಾಯರಪ್ಪ?" ಎಂದರು. ಅದಕ್ಕಿಂತ ಒಳ್ಳೆಯ ವಾದವನ್ನು ನಾನು ಈ ಮೂವತ್ತು ವರ್ಷದಲ್ಲಿ ಮಾಡಿಲ್ಲ. ಮತ್ತೆ ಮೆಲ್ಲಗೆ ಹೇಳಿದರು: "ಹೊಲ, ಮನೆ, ಕರೆಂಟ್ ಬಿಲ್ಲೂವೆ ಗಂಡಸ್ರ ಎಸ್ರಲ್ಲೇ ಐತೆ. ಇದೊಂದಾರ ನನ್ ಎಸ್ರಲ್ಲಿ ಬರ್ಲಿ."

ನಾನು ಬದು, ಗಡಿ, ಪೋಡಿ ವ್ಯಾಜ್ಯಗಳಲ್ಲೇ ಹಣ್ಣಾದವನು. ಜಮೀನು ಎಲ್ಲಿದೆಯೋ ಕೋರ್ಟು ಅಲ್ಲಿಯದು. ಇದು ನನಗೆ ಉಸಿರಾಟದಷ್ಟು ಅಭ್ಯಾಸ. ಹಿಂದೆ ಇಂಥ ಮೇಲ್ಮನವಿಗೆ ಬೇರೆ ಮಂಡಳಿಯಿತ್ತು, ಅದು ರದ್ದಾಗಿ ಈಗ ಹೈಕೋರ್ಟಿಗೆ ಹೋಗಬೇಕು ಎಂಬಷ್ಟನ್ನು ತಿಳಿದುಕೊಂಡೆ. ಯಾವ ಹೈಕೋರ್ಟು ಎಂದು ಮಾತ್ರ ನೋಡಲಿಲ್ಲ. ಹೆಂಗಸು ಸಾತನೂರಿನವರು, ಬಿದಿರು ಸಾತನೂರಿನದು, ಹುಳು ಸಾತನೂರಿನದು. ಬೆಂಗಳೂರಲ್ಲದೆ ಇನ್ನೆಲ್ಲಿ ಎಂದುಕೊಂಡು ಅಲ್ಲೇ ಹಾಕಿದೆ.

ಇಲ್ಲಿ ಬುದ್ಧಿ ಹುಟ್ಟಿದ ಊರು ಲೆಕ್ಕಕ್ಕಿಲ್ಲ, ಮಿತ್ರರೇ. ಅರ್ಜಿಯನ್ನು ತಳ್ಳಿದ ಕಚೇರಿ ಯಾವ ಹೈಕೋರ್ಟಿನ ವ್ಯಾಪ್ತಿಯಲ್ಲಿದೆಯೋ ಮೇಲ್ಮನವಿ ಅಲ್ಲಿಗೆ ಸಲ್ಲಬೇಕು. ಇದು ನಮ್ಮ ವ್ಯಾಪ್ತಿಯದಲ್ಲ ಎಂದು ಬೆಂಗಳೂರಿನ ಕೋರ್ಟಿನಿಂದ ಆಕ್ಷೇಪಣೆ ಬಂದಾಗಲಾದರೂ ಒಪ್ಪಿಕೊಂಡು ಚೆನ್ನೈಯ ಮದರಾಸು ಹೈಕೋರ್ಟಿಗೆ ಹೊರಡಬಹುದಿತ್ತು. ಹಟಕ್ಕೆ ಬಿದ್ದು, ವಾಯಿದೆಯ ಮೇಲೆ ವಾಯಿದೆ ಕೇಳಿ ವಾದಿಸಿದೆ. ಚಿಕ್ಕತಾಯಮ್ಮ ಪ್ರತಿ ಸಲವೂ ಬಸ್ಸಿಳಿದು ಬರುತ್ತಿದ್ದರು, ಪ್ರತಿ ಸಲವೂ ಕೆಮ್ಮು ಒಂದು ಮೆಟ್ಟಿಲು ಹೆಚ್ಚಾಗಿರುತ್ತಿತ್ತು. ಫೈಲು ವಾಪಸು ಬಂದಾಗ ಅವರು ಆಸ್ಪತ್ರೆಯಲ್ಲಿದ್ದರು. ತಪ್ಪು ಬಾಗಿಲಲ್ಲಿ ಕಳೆದ ಕಾಲವನ್ನು ಕಾನೂನು ಮನ್ನಿಸುತ್ತದೆ. ನಾನು ಮದರಾಸಿಗೆ ಹೊಸ ಮೇಲ್ಮನವಿ ಬರೆಯತೊಡಗಿದೆ. ಅದು ಮುಗಿಯುವ ಮೊದಲೇ ಅವರು ತೀರಿಕೊಂಡರು.

ತಿಥಿಯ ನಂತರ ಸೊಸೆ ಈ ಚಂದ್ರಿಕೆಯನ್ನು ತಂದು ಒರಗಿಸಿದಳು. ವಾರಸುದಾರರು ಮುಂದುವರಿಸಬಹುದೆಂದು ಹೇಳಿ ನೋಡಿದೆ. "ಅತ್ತೇರೇ ಇಲ್ಲ, ಇನ್ ಯಾತುಕ್ಕೆ ಬುಡಿ ಸಾ," ಎಂದು ಹೊರಟುಬಿಟ್ಟಳು.

ಮೊನ್ನೆ ಸಾತನೂರಿನ ದಾರಿಯಲ್ಲಿ ಮಡಚುವ ಚಂದ್ರಿಕೆಗಳು ಮನೆಮನೆಯ ಮುಂದೆ ಒಣಗುತ್ತಿದ್ದವು. ನೆರಳಲ್ಲಿ ಕೂತು ಒಂದನ್ನು ಹೆಣೆಯುತ್ತಿದ್ದವನನ್ನು, ಇದನ್ನು ಮೊದಲು ಮಾಡಿದವರು ಯಾರೆಂದು ಕೇಳಿದೆ.

"ಯಾರಾದ್ರೇನ್ ಸಾ? ಮೊದ್ಲಿಂದ್ಲೂ ಹಿಂಗೇ ಐತೆ. ಇದೇನ್ ಯಾರ್ಗಾದ್ರೂ ಹೊಳೆಯೋದೇ ಅಲ್ವಾ," ಎಂದ.

ಕಚೇರಿಗೆ ಮರಳಿದಾಗ ಚಂದ್ರಿಕೆಗೆ ಯಾರದೋ ಕೊಡೆ ನೇತಾಡುತ್ತಿತ್ತು. ಗದರಲಿಲ್ಲ, ನಾನೇ ಅದನ್ನು ತೆಗೆದು ಬದಿಗಿಟ್ಟೆ. ಮಡಿಕೆಯ ನಡುವೆ ನಾನು ಹಾಕಿದ ಮೇಲ್ಮನವಿಯ ಪ್ರತಿ ಇದೆ. ಈ ಚಂದ್ರಿಕೆ ಚಿಕ್ಕತಾಯಮ್ಮನದು ಎಂದು ಅದರ ಮೊದಲ ಪುಟದಲ್ಲೇ ಸ್ಪಷ್ಟವಾಗಿ ಬರೆದಿದ್ದೇನೆ. ಅದರ ಮೇಲೆ, ಈ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲ ಎಂಬ ಷರಾ ಇದೆ.